ಬ್ರೇಕ್ ಹಾಕಿದಾಗ ಶಕ್ತಿ ಎಲ್ಲಿಗೆ ಹೋಗುತ್ತದೆ?

ಸೈಕಲ್ಲಿನ ಡೈನಮೋವನ್ನು ಗಾಲಿಗೆ ತಾಗಿಸಿದೊಡನೆ ಪೆಡಲ್ ಭಾರವಾಗುತ್ತದೆ. ದೀಪ ಉರಿಯಬೇಕಾದರೆ ಆ ಶಕ್ತಿಯನ್ನು ಕಾಲುಗಳೇ ಕೊಡಬೇಕು. ಕತ್ತಲಾದ ಮೇಲೆ ಮುರಗೋಡದಿಂದ ಹೊಲದ ಮನೆಗೆ ಸೈಕಲ್ ತುಳಿದ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಕಾರಿನಲ್ಲಿಯೂ ಹೀಗೆ ಮಾಡಿದರೆ?

1995ರ ಅಕ್ಟೋಬರಿನಲ್ಲಿ ಟೋಕಿಯೋ ವಾಹನ ಪ್ರದರ್ಶನದಲ್ಲಿ ಟೊಯೋಟಾ ಕಂಪನಿ ‘ಪ್ರಿಯಸ್’ ಎಂಬ ನಾಲ್ಕು ಬಾಗಿಲಿನ ಪ್ರಾಯೋಗಿಕ ಕಾರನ್ನು ಇಟ್ಟಿತು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ಮೊದಲು’ ಎಂದರ್ಥ. ಅದರಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇತ್ತು. ಬ್ರೇಕ್ ಹಾಕಿದಾಗ ಮೋಟಾರೇ ಡೈನಮೋ ಆಗಿ, ಗಾಲಿಯನ್ನು ತಡೆಯುತ್ತ ವಿದ್ಯುತ್ ತಯಾರಿಸುತ್ತದೆ.

ಈ ಉಳಿತಾಯ ಸಣ್ಣದೇನಲ್ಲ. 1,200 ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರಿನಂತೆ, ಓಡುತ್ತಿದೆ ಎನ್ನೋಣ. ಅದರ ಚಲನಶಕ್ತಿ 2,40,000 ಜೂಲ್. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 87 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಅಷ್ಟು ಸಾಕು! ಸಾಮಾನ್ಯ ಕಾರು ಪ್ರತಿ ಸಲ ನಿಂತಾಗಲೂ ಇದು ಬ್ರೇಕಿನ ಬಿಸಿಯಾಗಿ ಗಾಳಿಪಾಲು.

ಪ್ರದರ್ಶನದ ಕಾರು ಈ ವಿದ್ಯುತ್ತನ್ನು ಕೆಪಾಸಿಟರಿನಲ್ಲಿ ಕೂಡಿಡುತ್ತಿತ್ತು. ಕೆಪಾಸಿಟರ್ ಅಗಲ ಬಾಯಿಯ ಬೋಗುಣಿಯಂತೆ: ತಟ್ಟನೆ ತುಂಬುತ್ತದೆ, ಹಿಡಿಯುವುದು ಕಡಿಮೆ. ಬ್ಯಾಟರಿ ಕಿರಿಬಾಯಿಯ ಹರವಿ. 1997ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್‌ನಲ್ಲಿ ನಿಕ್ಕಲ್ ಬ್ಯಾಟರಿ ಇತ್ತು. ಬೋಗುಣಿ ಹೋಯಿತು, ಬ್ರೇಕಿನ ತತ್ವ ಉಳಿಯಿತು. ಪ್ರದರ್ಶನದ ಬಹಳಷ್ಟು ಕಾರುಗಳಿಗೆ ಅಷ್ಟು ಭಾಗ್ಯವೂ ಇರುವುದಿಲ್ಲ.

ಆ ತತ್ವ ಕರ್ನಾಟಕಕ್ಕೂ ಬಂತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ತಯಾರಾಯಿತು; 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂತು. ಕಿರ್ಲೋಸ್ಕರ್ ಮನೆತನದ ಮೂಲಪುರುಷ ಲಕ್ಷ್ಮಣರಾಯರು 1869ರಲ್ಲಿ ಹುಟ್ಟಿದ್ದು ಇದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಅವರು ತೆರೆದ ಅಂಗಡಿ ಸೈಕಲ್ಲಿನದು!

ಕಾರು ಕೊಳ್ಳುವ ಪಾಲಕರು ಒಂದು ಮಾತು ಗಮನಿಸಬೇಕು. ಹೆಜ್ಜೆಹೆಜ್ಜೆಗೂ ನಿಲ್ಲಿಸುವ ಬೆಂಗಳೂರಿನಲ್ಲಿ ಹೈಬ್ರಿಡ್ಡಿನ ಲಾಭ ಹೆಚ್ಚು. ಮುರಗೋಡದಿಂದ ಬೆಳಗಾವಿಗೆ ಒಂದೇ ಓಟದಲ್ಲಿ ಹೋಗುವವರಿಗೆ ಕಡಿಮೆ. ಬ್ರೇಕೇ ಹಾಕದಿದ್ದರೆ ಮರಳಿ ಪಡೆಯುವುದೇನನ್ನು?

ವಿಜ್ಞಾನ ಪ್ರದರ್ಶನಕ್ಕೆ ಸಿದ್ಧರಾಗುವ ವಿದ್ಯಾರ್ಥಿಗಳಿಗೂ ಒಂದು ಮಾತು. ಗಾಲಿಗೆ ಡೈನಮೋ ಕಟ್ಟಿ, ಅದೇ ವಿದ್ಯುತ್ತಿನಿಂದ ಸದಾ ಓಡುವ ಕಾರಿನ ಮಾದರಿ ವರ್ಷವೂ ಎಲ್ಲೋ ಒಂದು ಕಡೆ ಮೇಜಿನ ಮೇಲೆ ಕಾಣಿಸುತ್ತದೆ. ಅದು ಓಡದು. ಬ್ರೇಕ್ ಮರಳಿಸುವುದು ಪೆಟ್ರೋಲ್ ಮೊದಲೇ ಕೊಟ್ಟದ್ದರಲ್ಲಿ ಒಂದು ಪಾಲನ್ನು ಮಾತ್ರ. ಆ ಪಾಲು ಎಷ್ಟೆಂದು ಅಳೆದು ತೋರಿಸುವ ಮಾದರಿಯನ್ನು ಯಾರಾದರೂ ಮಾಡಲಿ.