ಗರ್ಭಕೋಶ ತೆಗೆದ ಮೇಲೆ ಉಳಿಯುವ ಪ್ರಶ್ನೆ

ಗರ್ಭಕೋಶ ತೆಗೆಸಿದರೆ ಮಹಿಳೆಯ ತೊಂದರೆಗಳೆಲ್ಲ ಮುಗಿದಂತೆ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಲವಾಗಿದೆ. ವಾಸ್ತವ ಬೇರೆ. ಶಸ್ತ್ರಚಿಕಿತ್ಸೆಯಾಗಿ ಎಷ್ಟೋ ವರ್ಷಗಳ ನಂತರ ಕೆಲವರಲ್ಲಿ ಯೋನಿಯ ಮೇಲ್ತುದಿಯೇ ಕೆಳಗೆ ಜಾರುತ್ತದೆ. ಅದರೊಡನೆ ಮೂತ್ರಕೋಶ, ಕರುಳು ಸಹ ಇಳಿಯಬಹುದು. ಕೂರಲು, ನಡೆಯಲು, ಮೂತ್ರ ವಿಸರ್ಜಿಸಲು ಕಷ್ಟವಾದರೂ ನಾಚಿಕೆಯಿಂದ ಮನೆಯವರಿಗೂ ಹೇಳದ ಮಹಿಳೆಯರೇ ಹೆಚ್ಚು.

ಗರ್ಭಕೋಶವನ್ನು ಎತ್ತಿಹಿಡಿಯುವ ಬಂಧಗಳೇ ಯೋನಿಯ ಮೇಲ್ತುದಿಗೂ ಆಧಾರ. ಗರ್ಭಕೋಶ ತೆಗೆಯುವಾಗ ಅವನ್ನು ಕತ್ತರಿಸಬೇಕಾಗುತ್ತದೆ. ಮತ್ತೆ ಮೇಲ್ತುದಿಗೆ ಭದ್ರವಾಗಿ ಹೊಲಿಯದಿದ್ದರೆ ಜಾರುವ ಅಪಾಯ ಹೆಚ್ಚುತ್ತದೆ. ಗರ್ಭಕೋಶ ಜಾರಿದ್ದಕ್ಕಾಗಿಯೇ ಅದನ್ನು ತೆಗೆಸಿಕೊಂಡವರಲ್ಲಿ ಈ ಅಪಾಯ ಇನ್ನೂ ಅಧಿಕ.

ಚಿಕಿತ್ಸೆ ಇಲ್ಲವೆಂದಲ್ಲ. ಶ್ರೋಣಿ ಸ್ನಾಯುಗಳ ವ್ಯಾಯಾಮ ಹಾಗೂ ಯೋನಿಯೊಳಗೆ ಇರಿಸುವ ಪೆಸರಿ ಎಂಬ ಬಳೆ ಹಲವರಿಗೆ ಸಾಕಾಗುತ್ತವೆ. ಸಾಲದಾದಾಗ ಮೇಲ್ತುದಿಯನ್ನು ಯೋನಿಮಾರ್ಗದಿಂದಲೇ ಶ್ರೋಣಿಯ ಬಂಧಕ್ಕೆ ಹೊಲಿಯಬಹುದು; ಇಲ್ಲವೇ ಹೊಟ್ಟೆಯ ಮೂಲಕ, ಈಗ ಸಾಮಾನ್ಯವಾಗಿ ಲ್ಯಾಪರೋಸ್ಕೋಪಿಯಿಂದ, ಜಾಲರಿಯ ನೆರವಿನಲ್ಲಿ ಬೆನ್ನುಮೂಳೆಯ ಬುಡಕ್ಕೆ ಬಿಗಿಯಬಹುದು. ಎರಡನೆಯದು ಹೆಚ್ಚು ಕಾಲ ಬಾಳುತ್ತದೆ, ಆದರೆ ಅವಧಿಯೂ ಪರಿಣತಿಯೂ ಹೆಚ್ಚು ಬೇಕು.

ಜಾಲರಿಯ ವಿಷಯದಲ್ಲಿ ಜಗತ್ತು ದುಬಾರಿ ಪಾಠ ಕಲಿತಿದೆ. ಯೋನಿಮಾರ್ಗದಿಂದ ಅಳವಡಿಸಿದ ಜಾಲರಿಯಿಂದ ಸಾವಿರಾರು ಮಹಿಳೆಯರು ನೋವು, ಸೋಂಕು ಅನುಭವಿಸಿದರು. ಬ್ರಿಟನ್ 2018ರಲ್ಲಿ ಅದರ ಬಳಕೆಗೆ ತಡೆ ಹಾಕಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರ ಏಪ್ರಿಲ್‌ನಲ್ಲಿ ಜಾರುವಿಕೆಯ ಚಿಕಿತ್ಸೆಗೆಂದು ಮಾರಲಾಗುತ್ತಿದ್ದ ಇಂಥ ಜಾಲರಿಯ ಮಾರಾಟ ನಿಲ್ಲಿಸುವಂತೆ ಆದೇಶಿಸಿತು. ಹೊಟ್ಟೆಯ ಮೂಲಕ ಅಳವಡಿಸುವ ಜಾಲರಿಗೆ ಅಮೆರಿಕದ ಆದೇಶ ಅನ್ವಯಿಸದು. ಈ ವ್ಯತ್ಯಾಸವನ್ನು ರೋಗಿಗೆ ವಿವರಿಸುವುದು ವೈದ್ಯರ ಹೊಣೆ.

ಇದು ನಮಗೆ ದೂರದ ಸಂಗತಿಯಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹಾಗೂ ದಲಿತ ಕೇರಿಗಳ ಬಡ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ರಾಜ್ಯದ ಗಮನ ಸೆಳೆದಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಜಿಲ್ಲಾ, ರಾಜ್ಯ, ರಾಷ್ಟ್ರ ಮಟ್ಟದ ನಿಗಾ ಸಮಿತಿಗಳು ಅದರ ಭಾಗ.

ಆದರೆ ಸಮಿತಿಗಳು ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನಷ್ಟೇ ಎಣಿಸಿದರೆ ಸಾಲದು. ಗರ್ಭಕೋಶವನ್ನು ಏಕೆ ತೆಗೆಯಲಾಯಿತು, ಮೇಲ್ತುದಿಗೆ ಯಾವ ಆಧಾರ ನೀಡಲಾಯಿತು, ಜಾಲರಿ ಬಳಸಿದ್ದರೆ ಯಾವುದು ಎಂಬುದು ಬಿಡುಗಡೆ ಪತ್ರದಲ್ಲಿ ದಾಖಲಾಗಬೇಕು. ಹದಿನೈದು ವರ್ಷಗಳ ನಂತರ ಬೇರೊಬ್ಬ ವೈದ್ಯರ ಮುಂದೆ ಕುಳಿತ ಮಹಿಳೆಗೆ ಆ ಒಂದು ಹಾಳೆಯೇ ಆಧಾರ. ಮೂವತ್ತರ ಹರೆಯದಲ್ಲಿ ಗರ್ಭಕೋಶ ಕಳೆದುಕೊಂಡವಳ ಮುಂದೆ ಇನ್ನೂ ಅರ್ಧ ಆಯುಷ್ಯವಿರುತ್ತದೆ. ಅವಳ ಹೊಣೆ ಆಸ್ಪತ್ರೆಯ ಬಿಲ್ಲಿನೊಂದಿಗೆ ಮುಗಿಯಬಾರದು.