ಗುಡ್ಡವೂ ಉಳಿಯಲಿ, ಕೆಲಸವೂ ಸಿಗಲಿ

ಸಂಡೂರಿನ ದೇವದಾರಿ ಗುಡ್ಡದಲ್ಲಿ ಕಬ್ಬಿಣದ ಅದಿರು ತೆಗೆಯುವ ಕೆಐಒಸಿಎಲ್ ಯೋಜನೆಯ ಕಡತಕ್ಕೆ 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಸಹಿ ಹಾಕಿದರು. ಅದೇ ತಿಂಗಳು ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಅರಣ್ಯ ಭೂಮಿ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಪ್ರಶ್ನೆ ಇದ್ದದ್ದು ಸುಮಾರು 400 ಹೆಕ್ಟೇರ್ ಕಾಡು ಮತ್ತು 99 ಸಾವಿರಕ್ಕೂ ಹೆಚ್ಚು ಮರಗಳದ್ದು. ರಾಜ್ಯದ ನಿಲುವು ಸರಿ ಎಂಬುದು ನನ್ನ ಅಭಿಪ್ರಾಯ.

'ಗಣಿ ಬಂದರೆ ಕೆಲಸ ಸಿಗುತ್ತಿತ್ತಲ್ಲ?' ಎಂದು ಗೆಳೆಯರು ಕೇಳುತ್ತಾರೆ. ದೇವದುರ್ಗ, ಮಾನ್ವಿಯಿಂದ ಪದವಿ ಹಿಡಿದು ಬೆಂಗಳೂರಿನ ಬಸ್ಸು ಹತ್ತುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಇಂದಿನ ಗಣಿಯಲ್ಲಿ ಯಂತ್ರಗಳೇ ಹೆಚ್ಚು, ಕೈಗಳು ಕಡಿಮೆ. ಇದೇ ಸಂಸ್ಥೆಯ ಕುದುರೆಮುಖ ಗಣಿ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ಗಣಿಗಾಗಿ ಕಟ್ಟಿದ ಊರು ಬರಿದಾಯಿತು.

ಮರ ಹೋದ ಗುಡ್ಡದ ಮಣ್ಣು ಮಳೆಗೆ ಹಳ್ಳ ಸೇರುತ್ತದೆ. ಹೂಳು ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹೂಳಿನಿಂದ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯ ಕೊನೆ ಭಾಗದ ಮಾನ್ವಿ ರೈತರು ಪ್ರತಿ ವರ್ಷ ನೀರಿಗಾಗಿ ಕಾಯುತ್ತಾರೆ.

ಆದರೆ ಸರ್ಕಾರ 'ಬೇಡ' ಎಂದಷ್ಟಕ್ಕೆ ಕೈತೊಳೆದುಕೊಳ್ಳುವಂತಿಲ್ಲ. ಗುಡ್ಡ ಉಳಿಸಿದವರು ಕೆಲಸದ ಪ್ರಶ್ನೆಗೂ ಉತ್ತರಿಸಬೇಕು. 371(ಜೆ) ಅಡಿ ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ ಹುದ್ದೆಗಳು ಖಾಲಿ ಉಳಿಯದಿರಲಿ. ಹತ್ತಿ, ಭತ್ತ ಬೆಳೆಯುವ ನಮ್ಮ ತಾಲ್ಲೂಕುಗಳಲ್ಲೇ ಅವುಗಳ ಕೈಗಾರಿಕೆ ಬೆಳೆಯಲಿ. ಇಲ್ಲದಿದ್ದರೆ ನಾಳೆ ಇನ್ನೊಂದು ಗುಡ್ಡಕ್ಕೆ ಕಂಪನಿ ಬಂದಾಗ, ಕೆಲಸವಿಲ್ಲದ ನಾವೇ ಅದರ ಪರ ನಿಲ್ಲಬೇಕಾದೀತು.