ವ್ಯವಹಾರದ ಔತಣಕ್ಕೆ ಅತಿಥಿಸತ್ಕಾರದ ಹೆಸರೇಕೆ?

ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಂತಹ ನಗರಗಳ ಶ್ರಾವಕ ಮನೆಗಳಲ್ಲಿ ಒಂದು ಹೊಸ ಸಂಪ್ರದಾಯ ಬೇರೂರುತ್ತಿದೆ. ಸರಕು ಒದಗಿಸುವ ಕಂಪನಿಯ ಮ್ಯಾನೇಜರು, ಸಾಲ ಮಂಜೂರು ಮಾಡುವ ಬ್ಯಾಂಕಿನ ಅಧಿಕಾರಿ, ವರ್ಷಕ್ಕೊಮ್ಮೆ ದೊಡ್ಡ ಖರೀದಿ ಮಾಡುವ ಗಿರಾಕಿ, ಇಂಥವರನ್ನು ಸಕುಟುಂಬರಾಗಿ ಮನೆಗೆ ಕರೆದು ರಾತ್ರಿಯ ಊಟ ಬಡಿಸುವ ಸಂಪ್ರದಾಯವದು. ಹೋಟೆಲಿನ ಔತಣಕ್ಕಿಂತ ಮನೆಯೂಟದಿಂದ ಸಂಬಂಧ ಗಟ್ಟಿಯಾಗುತ್ತದೆ ಎಂಬುದು ಅನುಭವಸ್ಥ ವರ್ತಕರ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ. ತಪ್ಪಿರುವುದು ಅದಕ್ಕೆ ಕೊಟ್ಟಿರುವ ಹೆಸರಿನಲ್ಲಿ. ಇದನ್ನು ಅತಿಥಿಸತ್ಕಾರವೆಂದು ಕರೆಯುವವರಿದ್ದಾರೆ; ಅತಿಥಿಸಂವಿಭಾಗ ವ್ರತದ ಈ ಕಾಲದ ರೂಪವೆಂದು ಸಭೆಗಳಲ್ಲಿ ಸಮರ್ಥಿಸುವವರೂ ಇದ್ದಾರೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಒಂದಾದ ಅತಿಥಿಸಂವಿಭಾಗಕ್ಕೆ ಆಚಾರ್ಯರು ವಿಧಿಸಿರುವ ಕಟ್ಟಳೆಗಳು ಅಷ್ಟು ಸಡಿಲವಾದವುಗಳಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ 'ಅತಿಥಿ' ಶಬ್ದಕ್ಕೆ ಎರಡು ನಿರ್ವಚನಗಳನ್ನು ಕೊಡುತ್ತಾರೆ. ಸಂಯಮಕ್ಕೆ ಭಂಗ ಬಾರದಂತೆ ಸಂಚರಿಸುವವನು ಎಂಬುದು ಒಂದು. ಬರುವುದಕ್ಕೆ ಗೊತ್ತಾದ ತಿಥಿಯಿಲ್ಲದವನು ಎಂಬುದು ಇನ್ನೊಂದು. ಹದಿನೈದು ದಿನ ಮೊದಲೇ ದಿನ, ಗಂಟೆಗಳನ್ನು ಗೊತ್ತುಮಾಡಿಕೊಂಡು, ದಾರಿಯಿಂದ ಎರಡು ಬಾರಿ ಫೋನು ಮಾಡಿ ಬರುವ ಮ್ಯಾನೇಜರು ಈ ಎರಡರಲ್ಲಿ ಯಾವುದಕ್ಕೂ ಸಲ್ಲುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ವ್ರತವನ್ನು ವೈಯಾವೃತ್ತ್ಯವೆಂದು ಹೆಸರಿಸಿ, ಮನೆ ತೊರೆದ ತಪೋಧನರಿಗೆ ಪ್ರತ್ಯುಪಕಾರದ ಅಪೇಕ್ಷೆಯಿಲ್ಲದೆ ಕೊಡುವುದೇ ದಾನವೆಂದರು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದಾತೃವಿನ ಏಳು ಗುಣಗಳನ್ನು ಎಣಿಸುವಾಗ, ಐಹಿಕ ಫಲವನ್ನು ಬಯಸದಿರುವುದನ್ನೇ ಮೊದಲನೆಯದಾಗಿಟ್ಟರು. ಮೂರನೆಯದು ನಿಷ್ಕಪಟತೆ. ಮುಂದಿನ ತಿಂಗಳ ಬೇಡಿಕೆಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಳಿಗೆಗೆ ತುಪ್ಪ ಹಾಕುವವನು ಮೊದಲನೆಯದನ್ನು ಕಳೆದುಕೊಂಡಿರುತ್ತಾನೆ. ಬೇಡಿಕೆಪತ್ರದ ಮಾತನ್ನೇ ಎತ್ತದೆ ಮಕ್ಕಳ ವಿದ್ಯಾಭ್ಯಾಸವನ್ನು ವಿಚಾರಿಸುತ್ತ ಕುಳಿತಾಗ ಮೂರನೆಯದೂ ಹೋಗುತ್ತದೆ.

ಶಾಸ್ತ್ರ ಬಲ್ಲವರು ಇಲ್ಲಿ ಸಮದತ್ತಿಯನ್ನು ಮುಂದೊಡ್ಡುವುದುಂಟು. ದಾನವು ಮುನಿಗಳಿಗೆ ಮಾತ್ರವಲ್ಲ, ಸಮಾನರಾದ ಗೃಹಸ್ಥರಿಗೂ ಉಂಟೆಂದು ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೇ ಇದೆಯಲ್ಲ ಎಂಬುದು ಅವರ ವಾದ. ಇದೆ, ನಿಜ. ಆದರೆ ಅಲ್ಲಿ ಹೇಳಿರುವ ಸಮಾನತೆ ಕ್ರಿಯೆ, ಮಂತ್ರ, ವ್ರತಗಳ ಸಮಾನತೆ; ವಾರ್ಷಿಕ ವಹಿವಾಟಿನದಲ್ಲ. ಇನ್ನು ಕರುಣಾದಾನವೆಂದು ಹೇಳೋಣವೆಂದರೆ, ಬಂದವರು ಹಸಿದು ಬಂದವರಲ್ಲ.

ಇದಕ್ಕಿಂತ ತೂಕವುಳ್ಳ ಆಕ್ಷೇಪ ಬೇರೊಂದಿದೆ. ಹಿಂದಿನವರೂ ಗಿರಾಕಿಗಳಿಗೆ ಉಣಬಡಿಸುತ್ತಿರಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಬಡಿಸುತ್ತಿದ್ದರು. ಮಲೆನಾಡಿನಿಂದ ಗಾಡಿಯಲ್ಲಿ ಅಡಿಕೆಯ ಮೂಟೆ ತಂದ ಬೆಳೆಗಾರನು ಮಂಡಿಯ ಸಾಹುಕಾರರ ಮನೆಯಲ್ಲಿಯೇ ಉಂಡು, ಜಗಲಿಯಲ್ಲಿ ಮಲಗಿ, ಮರುದಿನ ಊರಿಗೆ ಮರಳುತ್ತಿದ್ದ ಕಾಲವಿತ್ತು. ಪೇಟೆಯಲ್ಲಿ ಅವನಿಗೆ ಬೇರೆ ಆಸರೆಯಿರಲಿಲ್ಲ. ಆದುದರಿಂದ ಆ ಅನ್ನದಲ್ಲಿ ಧರ್ಮದ ಅಂಶ ನಿಶ್ಚಯವಾಗಿಯೂ ಇತ್ತು. ಆದರೆ ಆ ಕಾಲವನ್ನು ಹೊಗಳುವ ಭರದಲ್ಲಿ ಇನ್ನೊಂದು ಸತ್ಯವನ್ನು ಮುಚ್ಚಿಡಬಾರದು. ರಾತ್ರಿ ಸಾಹುಕಾರರ ಮನೆಯ ಎಲೆಯಲ್ಲಿ ಉಂಡವನು ಬೆಳಿಗ್ಗೆ ಅವರದೇ ತಕ್ಕಡಿಯ ಮುಂದೆ ನಿಂತು ದರಕ್ಕೆ ಜಗ್ಗಾಡುವುದು ಹೇಗೆ? ತೂಕದಲ್ಲಿ ವ್ಯತ್ಯಾಸ ಕಂಡರೂ ಬಾಯಿಬಿಡುವುದು ಹೇಗೆ? ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆಯಬೇಕೆಂಬ ನಾಡಿನ ಗಾದೆಯು ಉಣ್ಣುವವನ ಧರ್ಮವನ್ನು ಹೇಳುತ್ತದೆ. ಆ ಧರ್ಮಬುದ್ಧಿಯನ್ನೇ ಬಂಡವಾಳ ಮಾಡಿಕೊಳ್ಳುವ ಹಕ್ಕನ್ನು ಅದು ಬಡಿಸುವವನಿಗೆ ಕೊಟ್ಟಿಲ್ಲ. ಇಂದಿನ ವರ್ತಕರು ಹೋಟೆಲನ್ನು ಬಿಟ್ಟು ಮನೆಯನ್ನು ಆರಿಸಿಕೊಳ್ಳುವುದು ಈ ಉಪ್ಪಿನ ಋಣಕ್ಕಾಗಿಯೇ. ಹೋಟೆಲಿನ ಬಿಲ್ಲು ಕಂಪನಿಯದೆಂದು ಬಂದವನಿಗೆ ಗೊತ್ತು. ಉಂಡು ಕೈತೊಳೆದರೆ ಮುಗಿಯಿತು. ಮನೆಯೊಡತಿ ಸ್ವಹಸ್ತದಿಂದ ಬಡಿಸಿದ ಅನ್ನಕ್ಕೆ ಅವನಲ್ಲಿ ಬಿಲ್ಲಿಲ್ಲ, ರಸೀದಿಯೂ ಇಲ್ಲ. ತೀರಿಸಲಾಗದ ಆ ಸಂಕೋಚವನ್ನು ಅವನು ಕಚೇರಿಯ ಕಡತದ ಮೇಲೆ ತೀರಿಸಬೇಕಾಗುತ್ತದೆ.

ಈ ಸೂಕ್ಷ್ಮವು ಸರ್ಕಾರಕ್ಕೂ ತಿಳಿದಿದೆ. ಕೇಂದ್ರ ಸರ್ಕಾರಿ ನೌಕರರ ನಡತೆಯ ಕುರಿತು 1964ರಲ್ಲಿ ಮಾಡಿದ ನಿಯಮಗಳು ಸಾಂದರ್ಭಿಕವಾದ ಒಂದು ಊಟವನ್ನು ಉಡುಗೊರೆಯೆಂದು ಎಣಿಸುವುದಿಲ್ಲ. ಆದರೆ ತನ್ನೊಡನೆ ಅಧಿಕೃತ ವ್ಯವಹಾರವುಳ್ಳ ವ್ಯಕ್ತಿ, ಸಂಸ್ಥೆಗಳ ಅದ್ದೂರಿಯಾದ ಅಥವಾ ಪದೇಪದೇ ನಡೆಯುವ ಆತಿಥ್ಯದಿಂದ ನೌಕರನು ದೂರವಿರಬೇಕೆಂದು ವಿಧಿಸುತ್ತವೆ. ಉಣ್ಣುವವನಿಗೆ ಕಾನೂನು ಇಷ್ಟು ಹೇಳಿರುವಾಗ, ಬಡಿಸುವ ಅಣುವ್ರತಿಯು ತನಗೆ ತಾನೇ ಅಷ್ಟನ್ನಾದರೂ ಹೇಳಿಕೊಳ್ಳಬೇಡವೇ?

ಲೆಕ್ಕದ ಪುಸ್ತಕದಲ್ಲಿ ಈ ಊಟದ ಗತಿಯೇನಾಗುತ್ತದೆಂಬುದನ್ನೂ ನೋಡಬೇಕು. ಅಡಿಗೆಯವರ ಕೂಲಿ, ತರಕಾರಿ, ಸಿಹಿತಿಂಡಿ, ಬೀಳ್ಕೊಡುವಾಗ ಕೊಟ್ಟ ಬೆಳ್ಳಿಯ ಬಟ್ಟಲು, ಇವು ಹಲವು ಅಂಗಡಿಗಳಲ್ಲಿ ವ್ಯಾಪಾರಾಭಿವೃದ್ಧಿಯ ಖರ್ಚಿಗೆ ಬರೆಯಲ್ಪಡುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮಿನಿಂದ ವರ್ತಕರಿಗೆಲ್ಲ ಪರಿಚಿತವಾದ ನಿಯಮವೊಂದಿದೆ: ಖರ್ಚು ಸಂಪೂರ್ಣವಾಗಿಯೂ ಕೇವಲವಾಗಿಯೂ ವ್ಯಾಪಾರದ ಉದ್ದೇಶಕ್ಕೇ ಆಗಿರಬೇಕು, ಸ್ವಂತದ ಖರ್ಚಾಗಿರಕೂಡದು. ಹಾಗೆ ಬರೆದು ಸಹಿ ಮಾಡಿದವನು ಆ ಊಟದಲ್ಲಿ ವ್ಯಾಪಾರದ ಹೊರತು ಬೇರೇನೂ ಇರಲಿಲ್ಲವೆಂದು ಒಪ್ಪಿಕೊಂಡಂತಾಯಿತು. ಅದೇ ಊಟವನ್ನು ಬಸದಿಯ ಸಭೆಯಲ್ಲಿ ಅತಿಥಿಸತ್ಕಾರವೆಂದರೆ, ಎರಡು ಮಾತುಗಳಲ್ಲೊಂದು ಸುಳ್ಳು. ಸುಳ್ಳು ಲೆಕ್ಕದಲ್ಲಿದ್ದರೆ ಅದು ಅಸ್ತೇಯಾಣುವ್ರತಕ್ಕೆ ತಗಲುತ್ತದೆ, ಸಭೆಯಲ್ಲಿದ್ದರೆ ಸತ್ಯಾಣುವ್ರತಕ್ಕೆ.

ಮನೆಯೊಳಗೆ ಆಗುವ ಹಾನಿ ಇದಕ್ಕಿಂತ ದೊಡ್ಡದು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಿದ್ದ ಮನೆಯಲ್ಲಿ ಆ ದಿನ ರಾತ್ರಿ ಎಂಟೂವರೆಗೆ ಒಲೆ ಹೊತ್ತಬೇಕು; ಕಂಪನಿಯ ಜನ ಅದಕ್ಕೆ ಮೊದಲು ಬರುವುದಿಲ್ಲ. ಮಧ್ಯಾಹ್ನದಿಂದ ಅಡಿಗೆಮನೆಯಲ್ಲಿ ನಿಂತ ಸೊಸೆಗೆ, ಬರುವವರು ಯಾರು, ಯಾತಕ್ಕೆ ಬರುತ್ತಾರೆಂಬುದನ್ನು ಕೂಡ ಸರಿಯಾಗಿ ಹೇಳಿರುವುದಿಲ್ಲ. ಬಂದವರ ರುಚಿಗೆಂದು ಈರುಳ್ಳಿ, ಆಲೂಗಡ್ಡೆಗಳು ಒಳಗೆ ಬರುತ್ತವೆ. ಕೆಲವೆಡೆ ಮಹಡಿಯ ಕೋಣೆಯೊಂದರಲ್ಲಿ ಅದಕ್ಕೂ ಮಿಗಿಲಾದ ಏರ್ಪಾಡು ನಡೆಯುತ್ತದೆ. ಅಷ್ಟಮೂಲಗುಣಗಳಲ್ಲಿ ಮೊದಲು ಬಿಡಬೇಕಾದುದು ಮದ್ಯವೆಂಬುದನ್ನು ಪಾಠಶಾಲೆಯ ಮಗುವೂ ಒಪ್ಪಿಸುತ್ತದೆ. ತಾವು ಉಣ್ಣುವುದಿಲ್ಲ, ಬಡಿಸುತ್ತೇವಷ್ಟೆ ಎನ್ನುವ ಯಜಮಾನರು ಕೃತ, ಕಾರಿತ, ಅನುಮೋದನಗಳೆಂಬ ಮೂರು ಮಾತುಗಳನ್ನು ಪ್ರತಿಕ್ರಮಣದಲ್ಲಿ ಎಷ್ಟು ಸಲ ಉಚ್ಚರಿಸಿಲ್ಲ! ರಾತ್ರಿ ನೀರು ಕೇಳಿದರೂ ಬೇಡವೆಂದು ಕಲಿಸಲ್ಪಟ್ಟ ಮೊಮ್ಮಗಳು ಬಾಗಿಲ ಸಂದಿಯಿಂದ ಇದನ್ನೆಲ್ಲ ನೋಡುತ್ತಿರುತ್ತಾಳೆ. ವ್ರತವು ಬಡವರ ಮುಂದೆ ಗಟ್ಟಿಯಾಗಿಯೂ ಸಾಲ ಕೊಡುವವರ ಮುಂದೆ ಮೆತ್ತಗೂ ಇರುತ್ತದೆಂಬ ಪಾಠ ಅವಳಿಗೆ ಆ ರಾತ್ರಿ ಆಗಿಹೋಗುತ್ತದೆ.

ಬಸದಿಗಳ ಟ್ರಸ್ಟುಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಚಾತುರ್ಮಾಸದಲ್ಲಿ ಮುನಿಸಂಘ ಊರಿನಲ್ಲಿರುವಾಗ, ಮನೆಯಲ್ಲಿ ಚೌಕ ಹಾಕಿ ಆಹಾರದಾನ ಮಾಡುವ ಭಾಗ್ಯವನ್ನೇ ವ್ಯವಹಾರಕ್ಕೆ ಬಳಸುವವರು ಕಾಣತೊಡಗಿದ್ದಾರೆ. ಕಲಶ ಹಿಡಿದು ಬಾಗಿಲಲ್ಲಿ ನಿಂತು, ಮುನಿಗಳು ಬಂದಾರೋ ಬಾರರೋ ಎಂದು ಕಾಯುವ ದ್ವಾರಾಪೇಕ್ಷಣೆಯ ಹೊತ್ತಿನಲ್ಲಿ ಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿಗೆ ಕುರ್ಚಿ ಹಾಕಿಸಿರುತ್ತದೆ. ಛಾಯಾಚಿತ್ರಗಾರನು ಇಬ್ಬರನ್ನೂ ಒಂದೇ ಚೌಕಟ್ಟಿಗೆ ತರಲು ಹೆಣಗುತ್ತಾನೆ. ಅನ್ನಪ್ರಸಾದದ ಪಂದಳದ ಮೇಲೆ ದಾನಿಯ ಹೆಸರಿನ ಕೆಳಗೆ ಅಂಗಡಿಯ ಚಿಹ್ನೆ, ದೂರವಾಣಿ ಸಂಖ್ಯೆಗಳನ್ನು ಬರೆಸಲು ಒಪ್ಪಿಗೆ ಕೊಡುವವರು ಟ್ರಸ್ಟಿನವರೇ ಅಲ್ಲವೇ? ಜೈನ ಮನೆತನವೊಂದು ತಲೆಮಾರುಗಳಿಂದ ಆಹಾರ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ವಿಧ ದಾನವನ್ನು ನಡೆಸಿಕೊಂಡು ಬಂದಿರುವ ಧರ್ಮಸ್ಥಳ ಈ ನಾಡಿನಲ್ಲಿಯೇ ಇದೆ. ಅದು ಕುಡುಮವೆಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಮನುಷ್ಯರೂಪದಿಂದ ನೆಲ್ಯಾಡಿ ಬೀಡಿಗೆ ಬಂದ ಧರ್ಮದೈವಗಳನ್ನು ಬಿರ್ಮಣ್ಣ ಪೆರ್ಗಡೆಯವರೂ ಅಮ್ಮು ಬಲ್ಲಾಳ್ತಿಯವರೂ ಆದರದಿಂದ ಉಪಚರಿಸಿದರೆಂಬ ಐತಿಹ್ಯವನ್ನು ಕೇಳದ ಜೈನರಿಲ್ಲ. ಅವರ ಹತ್ತಿರ ಬಂದವರ ಪದವಿಯ ಪಟ್ಟಿಯಿರಲಿಲ್ಲ.

ವ್ಯವಹಾರದ ಸಲುವಾಗಿ ಯಾರೊಡನೆಯೂ ಕುಳಿತು ಉಣ್ಣಬಾರದೆಂಬುದು ಇಲ್ಲಿನ ವಾದವಲ್ಲ. ನ್ಯಾಯದಿಂದ ಧನ ಸಂಪಾದಿಸುವುದನ್ನು ಆಶಾಧರಸೂರಿಗಳು ಗೃಹಸ್ಥನ ಗುಣಗಳಲ್ಲಿಯೇ ಸೇರಿಸಿದ್ದಾರೆ. ಮಾತುಕತೆ ಬೇಕಾದರೆ ಹಗಲಿನಲ್ಲಿ, ಅಂಗಡಿಯಲ್ಲಿಯೋ ಒಳ್ಳೆಯ ಸಸ್ಯಾಹಾರಿ ಹೋಟೆಲಿನಲ್ಲಿಯೋ ಊಟ ಹಾಕಿಸಲಿ. ಕಾಗದ ಪತ್ರಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೇ ಮಾತಾಡಲಿ. ಖರ್ಚನ್ನು ಇದ್ದ ಹೆಸರಿನಲ್ಲಿಯೇ ಬರೆಯಲಿ. ಒಂದೇ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಜೊತೆಗಿದ್ದವರ ನಡುವೆ ನಿಜವಾದ ಸ್ನೇಹ ಬೆಳೆಯುವುದೂ ಉಂಟು, ಅಂಥವರು ಮನೆಗೆ ಬಂದರೆ ಯಾರೂ ಆಕ್ಷೇಪಿಸರು. ಯಾವುದು ಸ್ನೇಹ, ಯಾವುದು ಲೆಕ್ಕ ಎಂದು ತಿಳಿಯುವುದು ಕಷ್ಟವೇನಲ್ಲ. ಐದು ವರ್ಷ ಸಕುಟುಂಬರಾಗಿ ಉಪಚಾರ ಪಡೆದ ಅಧಿಕಾರಿಯು ನಿವೃತ್ತನಾದ ಮೇಲೆ, ಮರುವರ್ಷದ ಮಹಾವೀರ ಜಯಂತಿಗೆ ಅವನನ್ನು ಊಟಕ್ಕೆ ಕರೆದ ಮನೆಗಳೆಷ್ಟು ಎಂಬುದನ್ನು ಆಯಾ ಮನೆಯ ಗೃಹಿಣಿಯರನ್ನು ಕೇಳಿದರಾಯಿತು.